ತಟ್ಟೆಯಲ್ಲಿ ಸೊಪ್ಪು-ಕಾಳು ಇದೆ, ಮೈಗೆ ಸೇರುತ್ತಿದೆಯಾ?

ಮೊಟ್ಟೆ ಕೊಡಬೇಕಾ, ಬೇಡವಾ? ಕರ್ನಾಟಕದಲ್ಲಿ ಮಕ್ಕಳ ಊಟದ ಮಾತು ಎಲ್ಲಿಂದ ಶುರುವಾದರೂ ಇಲ್ಲಿಗೇ ಬಂದು ನಿಲ್ಲುತ್ತದೆ. 2021ರ ಡಿಸೆಂಬರ್‌ನಲ್ಲಿ ಬೀದರ್, ಕಲಬುರಗಿ, ಯಾದಗಿರಿ, ರಾಯಚೂರು, ಕೊಪ್ಪಳ, ಬಳ್ಳಾರಿ, ವಿಜಯಪುರ ಜಿಲ್ಲೆಗಳ ಶಾಲೆಗಳಿಗೆ ಬಿಸಿಯೂಟದ ಜೊತೆ ಮೊಟ್ಟೆ ಬಂತು. ಕೆಲವು ಮಠಾಧೀಶರು ಬಲವಾಗಿ ವಿರೋಧಿಸಿದರು. ನಮಗೆ ಮೊಟ್ಟೆ ಬೇಕೇ ಬೇಕು ಎಂದು ಮಕ್ಕಳೇ ಮಾತಾಡಿದ ವಿಡಿಯೊ ಮೊಬೈಲಿನಿಂದ ಮೊಬೈಲಿಗೆ ಹರಿದಾಡಿತು. ಆಮೇಲೆ ಯೋಜನೆ ಇಡೀ ರಾಜ್ಯಕ್ಕೆ ಹಬ್ಬಿತು. 2024ರಲ್ಲಿ ಅಜೀಂ ಪ್ರೇಮ್‌ಜಿ ಫೌಂಡೇಶನ್ ಕೈಜೋಡಿಸಿದ ಮೇಲೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುವಂತಾಯಿತು.

ಈ ಗದ್ದಲದಲ್ಲಿ ಒಂದು ಸಣ್ಣ ವಿಷಯ ಮರೆಯಾಯಿತು. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣು, ಇಲ್ಲವೇ ಶೇಂಗಾ ಚಿಕ್ಕಿ ಎಂದಿತು ಸರ್ಕಾರ. ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್ ಇದೆ, ರಕ್ತಕ್ಕೂ ನರಗಳಿಗೂ ಬೇಕಾದ ವಿಟಮಿನ್ ಬಿ12 ಅರ್ಧ ಮೈಕ್ರೋಗ್ರಾಂನಷ್ಟು ಇದೆ. ಬಾಳೆಹಣ್ಣಿನಲ್ಲಿ ಪ್ರೋಟೀನ್ ಒಂದು ಗ್ರಾಂ ಆಸುಪಾಸು, ಬಿ12 ಸೊನ್ನೆ. ಚಿಕ್ಕಿ ಪ್ರೋಟೀನ್ ಮಟ್ಟಿಗೆ ಪರವಾಗಿಲ್ಲ, ಆದರೆ ಅದರಲ್ಲೂ ಬಿ12 ಇಲ್ಲ. ಹಾಗಾದರೆ ಮೊಟ್ಟೆ ಬಿಟ್ಟ ಮಗುವಿಗೆ ತಪ್ಪಿದ್ದೇನು, ಅದನ್ನು ಬೇರೆ ಎಲ್ಲಿಂದ ತುಂಬಬೇಕು? ಧರ್ಮ, ಜಾತಿ, ಹಕ್ಕುಗಳ ಜಗಳದ ನಡುವೆ ಈ ಲೆಕ್ಕಕ್ಕೆ ಜಾಗವೇ ಸಿಗಲಿಲ್ಲ.

ಲೆಕ್ಕ ಹಾಕಿ ನೋಡೋಣ. ಸಸ್ಯಾಹಾರದಲ್ಲಿ ದೇಹಕ್ಕೆ ಬೇಕಾದ್ದು ಬಹುತೇಕ ಎಲ್ಲವೂ ಸಿಗುತ್ತದೆ. ಅದಕ್ಕೆ ಬೇಕಾದ ಪದಾರ್ಥಗಳೆಲ್ಲ ನಮ್ಮ ಅಡುಗೆಮನೆಯಲ್ಲೇ ಇವೆ. ಆದರೆ ಇವತ್ತಿನ ತಟ್ಟೆಯಲ್ಲಿ ಅಳತೆ ತಪ್ಪಿದೆ. ಮತ್ತೆ, ಆ ಬಿ12 ವಿಟಮಿನ್ ಯಾವ ಸೊಪ್ಪಿನಲ್ಲೂ, ಯಾವ ಕಾಳಿನಲ್ಲೂ ಇಲ್ಲ. ಅದನ್ನು ಅಜ್ಜಿಯ ಅಡುಗೆಯಿಂದ ತರುತ್ತೇವೆ ಅಂದರೆ ಆಗುವ ಮಾತಲ್ಲ.

ಇದು ಬರೀ ಸಸ್ಯಾಹಾರಿಗಳ ಸಮಸ್ಯೆ ಅಂದುಕೊಳ್ಳಬೇಡಿ. 2014ರ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆ ಪ್ರಕಾರ ಕರ್ನಾಟಕದಲ್ಲಿ ಸಸ್ಯಾಹಾರಿಗಳು ಸುಮಾರು ಐವರಲ್ಲಿ ಒಬ್ಬರು ಮಾತ್ರ. ಉಳಿದ ನಾಲ್ವರು ಮಾಂಸ ತಿನ್ನುವವರು. ಆದರೆ ಎಷ್ಟು ದಿನಕ್ಕೊಮ್ಮೆ? ಕರಾವಳಿಯ ಮೀನಿನ ಮನೆಗಳನ್ನು ಬಿಟ್ಟರೆ ಬಹಳಷ್ಟು ಮನೆಗಳಲ್ಲಿ ಭಾನುವಾರ ಬಾಡೂಟ, ಇಲ್ಲವೇ ಹಬ್ಬ, ಜಾತ್ರೆ, ನೆಂಟರು ಬಂದಾಗ. ಸೋಮವಾರದಿಂದ ಶನಿವಾರದವರೆಗೆ ಅನ್ನ, ಮುದ್ದೆ, ರೊಟ್ಟಿ, ಸಾರು, ಪಲ್ಯ. ಮಾಂಸಾಹಾರಿ ಅಂತ ಹೇಳಿಕೊಳ್ಳುವ ಮನೆಯ ತಟ್ಟೆಯೂ ವಾರದ ಆರು ದಿನ ಸಸ್ಯಾಹಾರದ ತಟ್ಟೆಯೇ.

ಇಂಟರ್ನೆಟ್‌ನಲ್ಲಿ ಸಿಗುವ ಸಲಹೆಗಳಲ್ಲಿ ಹೆಚ್ಚಿನವು ನಮಗೆ ಹೊಂದದಿರುವುದೂ ಇದಕ್ಕೇ. ಅವನ್ನು ಬರೆಯುವುದು ದಿನಾ ಎರಡು ಹೊತ್ತು ಮಾಂಸ ತಿನ್ನುವವರಿಗೆ. ಮಾಂಸ ಕಡಿಮೆ ಮಾಡಿ, ಸೊಪ್ಪು ತರಕಾರಿ ಹೆಚ್ಚಿಸಿ ಎಂದು ಅವರಿಗೆ ಹೇಳುವುದು ಸರಿಯೇ. 2019ರಲ್ಲಿ ಈಟ್-ಲ್ಯಾನ್ಸೆಟ್ ಆಯೋಗ ಎಂಬ ಹಲವು ದೇಶಗಳ ವಿಜ್ಞಾನಿಗಳ ತಂಡ ಭೂಮಿಗೂ ದೇಹಕ್ಕೂ ಒಳ್ಳೆಯದೆಂದು ಒಂದು ಊಟದ ಮಾದರಿ ಕೊಟ್ಟಿತು. ಅದರಲ್ಲಿ ದಿನಕ್ಕೆ 232 ಗ್ರಾಂ ಇಡೀ ಧಾನ್ಯ, 75 ಗ್ರಾಂ ಬೇಳೆಕಾಳು, 250 ಗ್ರಾಂ ಹಾಲು, 50 ಗ್ರಾಂ ಶೇಂಗಾ-ಬಾದಾಮಿಯಂಥ ಬೀಜಗಳು. ಅಮೆರಿಕದವರು ಆ ತಟ್ಟೆ ಮುಟ್ಟಲು ಮಾಂಸ ಇಳಿಸಬೇಕು. ನಾವು ಅಕ್ಕಿ ಇಳಿಸಿ ಕಾಳು ಏರಿಸಬೇಕು. ತಟ್ಟೆ ಒಂದೇ ಆದರೂ ಹೋಗುವ ದಾರಿ ಬೇರೆ.

ನಮ್ಮ ದೇಶದ ಅಳತೆಯೂ ಇದಕ್ಕೆ ಹತ್ತಿರದಲ್ಲೇ ಇದೆ. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊಸ ಆಹಾರ ಮಾರ್ಗಸೂಚಿ ಹೊರತಂದಿತು. ದಿನಕ್ಕೆ 2000 ಕ್ಯಾಲರಿಯ ಊಟಕ್ಕೆ ಅದು ಹೇಳುವುದು 250 ಗ್ರಾಂ ಧಾನ್ಯ, 85 ಗ್ರಾಂ ಬೇಳೆಕಾಳು, 400 ಗ್ರಾಂ ತರಕಾರಿ-ಸೊಪ್ಪು, 300 ಮಿ.ಲೀ. ಹಾಲು ಅಥವಾ ಮೊಸರು, 100 ಗ್ರಾಂ ಹಣ್ಣು, 35 ಗ್ರಾಂ ಬೀಜಗಳು. ಇವೆಲ್ಲ ಬೇಯಿಸುವ ಮೊದಲಿನ ತೂಕ. ಒಟ್ಟು ಕ್ಯಾಲರಿಯಲ್ಲಿ ಧಾನ್ಯದ ಪಾಲು 45 ಪರ್ಸೆಂಟ್ ದಾಟಬಾರದು ಎನ್ನುತ್ತದೆ ಅದು. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಬೆಳಿಗ್ಗೆ ಚಿತ್ರಾನ್ನ, ಮಧ್ಯಾಹ್ನ ಅನ್ನ-ಸಾರು, ರಾತ್ರಿ ಮತ್ತೆ ಅನ್ನ. ಇಲ್ಲಿ 45 ಪರ್ಸೆಂಟ್ ಬೆಳಗಿನ ತಿಂಡಿ ಮುಗಿಯುವ ಹೊತ್ತಿಗೇ ಅರ್ಧ ಖರ್ಚಾಗಿರುತ್ತದೆ.

ಪ್ರೋಟೀನ್ ವಿಷಯ ತೆಗೆದುಕೊಳ್ಳಿ. 55 ಕೆ.ಜಿ. ತೂಕದ ಹೆಂಗಸಿಗೆ ದಿನಕ್ಕೆ ಸುಮಾರು 46 ಗ್ರಾಂ ಬೇಕು, 65 ಕೆ.ಜಿ.ಯ ಗಂಡಸಿಗೆ 54 ಗ್ರಾಂ. ಪೌಡರ್ ಮಾರುವವರು ಹೇಳುವಷ್ಟು ದೊಡ್ಡ ಸಂಖ್ಯೆಯೇನಲ್ಲ. ಈಗ ನಮ್ಮ ಊಟ ನೋಡೋಣ. 250 ಗ್ರಾಂ ಅಕ್ಕಿಯಲ್ಲಿ 20 ಗ್ರಾಂ ಪ್ರೋಟೀನ್ ಬರುತ್ತದೆ. ನಾಲ್ಕು ಜನರ ಮನೆಯಲ್ಲಿ ಸಾರಿಗೆ 100 ಗ್ರಾಂ ತೊಗರಿಬೇಳೆ ಹಾಕಿದರೆ ತಲೆಗೆ ಸಿಗುವುದು ಐದೂವರೆ ಗ್ರಾಂ. ಅದೂ ಬೇಳೆ ತಳದಲ್ಲೇ ಉಳಿಯದೆ ಎಲ್ಲರಿಗೂ ಸಮನಾಗಿ ಬಂದರೆ! ಕಾಫಿ, ಮಜ್ಜಿಗೆ ಸೇರಿ 200 ಮಿ.ಲೀ. ಹಾಲು ಅಂದರೆ ಆರೂವರೆ ಗ್ರಾಂ. ತರಕಾರಿ, ತೆಂಗಿನಕಾಯಿಯಿಂದ ಮೂರು ನಾಲ್ಕು. ಒಟ್ಟು 35ರ ಆಸುಪಾಸು. ಹೆಂಗಸಿಗೇ ಹತ್ತು ಗ್ರಾಂ ಕಮ್ಮಿ.

ಆ ಹತ್ತು ಗ್ರಾಂಗೆ ಡಬ್ಬಿಗಟ್ಟಲೆ ಪ್ರೋಟೀನ್ ಪೌಡರ್ ಬೇಕಾಗಿಲ್ಲ. 30 ಗ್ರಾಂ ಶೇಂಗಾದಲ್ಲಿ 7 ಗ್ರಾಂ, 30 ಗ್ರಾಂ ಹೆಸರುಕಾಳಿನಲ್ಲಿ ಸುಮಾರು 7 ಗ್ರಾಂ ಇದೆ. ಉತ್ತರ ಕರ್ನಾಟಕದ ತಟ್ಟೆಗೆ ಇದು ಹೊಸತಲ್ಲ. ಜೋಳದ ರೊಟ್ಟಿ, ಮಡಕಿಕಾಳು ಪಲ್ಯ, ಶೇಂಗಾ ಚಟ್ನಿಪುಡಿ, ಗಟ್ಟಿ ಮೊಸರು. ಹಳೇ ಮೈಸೂರು ಕಡೆಯ ಹುರುಳಿಕಾಳು ಬಸ್ಸಾರು, ಅವರೆಕಾಳು ಸಾರು, ಮೊಳಕೆಕಾಳಿನ ಹುಳಿ ಕೂಡ ಇದೇ ಕೆಲಸ ಮಾಡುತ್ತವೆ. ತೊಂದರೆ ಇರುವುದು ತಿಳಿಸಾರಿನಲ್ಲಿ. ಬೇಳೆಕಟ್ಟು, ಹುಣಸೆಹಣ್ಣು, ರಸಂಪುಡಿ. ಬಾಯಿಗೆ ರುಚಿ, ಅನ್ನ ಸಲೀಸಾಗಿ ಇಳಿಯುತ್ತದೆ, ಪ್ರೋಟೀನ್ ಮಾತ್ರ ಹೆಸರಿಗಷ್ಟೇ. ಊರಿಂದ ಪೇಟೆಗೆ ಬಂದ ಮನೆಗಳಲ್ಲಿ ಕಾಳು ನೆನೆಹಾಕುವ ಅಭ್ಯಾಸ ತಪ್ಪಿ, ತಿಳಿಸಾರೇ ದಿನದ ಸಾರಾಗಿದೆ ಎಂಬುದು ನನ್ನ ಅನಿಸಿಕೆ.

ಪ್ರೋಟೀನ್ ಎಂಬುದು ಅಮೈನೋ ಆಮ್ಲಗಳೆಂಬ ತುಣುಕುಗಳಿಂದ ಕಟ್ಟಿದ್ದು. ಅಕ್ಕಿಯ ಪ್ರೋಟೀನ್‌ನಲ್ಲಿ ಲೈಸಿನ್ ಎಂಬ ತುಣುಕು ಕಡಿಮೆ, ಬೇಳೆಯಲ್ಲಿ ಅದು ಧಾರಾಳ. ಬೇಳೆಯಲ್ಲಿ ಕಡಿಮೆ ಇರುವ ಮೆಥಿಯೋನಿನ್ ಅಕ್ಕಿಯಲ್ಲಿದೆ. ಇಡ್ಲಿ, ಪೊಂಗಲ್, ಬಿಸಿಬೇಳೆಬಾತ್ ಎಲ್ಲವೂ ಈ ಜೋಡಿಯ ಮೇಲೇ ನಿಂತಿವೆ. ಎರಡನ್ನೂ ಒಂದೇ ತುತ್ತಿನಲ್ಲಿ ತಿನ್ನಬೇಕೆಂದಿಲ್ಲ, ದಿನದಲ್ಲಿ ಎರಡೂ ಹೊಟ್ಟೆಗೆ ಹೋದರೆ ಸಾಕು. ಆದರೆ ಕಾಳಿನ ಪ್ರೋಟೀನ್ ಪೂರ್ತಿ ಮೈಗೆ ಹತ್ತುವುದಿಲ್ಲ ಎಂಬುದೂ ನೆನಪಿರಲಿ. ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನ ಸಂಶೋಧಕರು ಇದನ್ನು ಜನರಲ್ಲೇ ಅಳೆದು ನೋಡಿದ್ದಾರೆ. ಮೊಟ್ಟೆಯ ಪ್ರೋಟೀನ್ ಹತ್ತಕ್ಕೆ ಒಂಬತ್ತು ಪಾಲಿನಷ್ಟು ಜೀರ್ಣವಾದರೆ, ಹೆಸರುಕಾಳಿನದು ಹೆಚ್ಚುಕಡಿಮೆ ಮೂರಕ್ಕೆ ಎರಡು ಪಾಲು. ಸಿಪ್ಪೆ ತೆಗೆದ ಹೆಸರುಬೇಳೆ ಅದಕ್ಕಿಂತ ಸ್ವಲ್ಪ ವಾಸಿ. ಹಾಗಾಗಿ ಸಸ್ಯಾಹಾರಿಗಳು 46ಕ್ಕೆ ಸರಿಯಾಗಿ ನಿಲ್ಲಿಸದೆ ಐದಾರು ಗ್ರಾಂ ಜಾಸ್ತಿಯೇ ಇಟ್ಟುಕೊಳ್ಳುವುದು ಒಳ್ಳೆಯದು.

ಈ ಅಳತೆಯನ್ನು ಬರೀ ಅಡುಗೆಮನೆ ನಿರ್ಧರಿಸುವುದಿಲ್ಲ, ರೇಷನ್ ಅಂಗಡಿಯೂ ನಿರ್ಧರಿಸುತ್ತದೆ. 2013ರಲ್ಲಿ ಶುರುವಾದ ಅನ್ನಭಾಗ್ಯ ಹಸಿವನ್ನು ಹಿಂದೆ ಸರಿಸಿತು, ಅದನ್ನು ಅಲ್ಲಗಳೆಯುವವರು ಹಸಿವು ಕಂಡವರಲ್ಲ. ಜೊತೆಗೆ ಅಕ್ಕಿ ಎಲ್ಲಕ್ಕಿಂತ ಸಲೀಸಾಗಿ ಸಿಗುವ ಧಾನ್ಯವೂ ಆಯಿತು. ಹೆಚ್ಚುವರಿಯಾಗಿ ಕೊಡುತ್ತಿದ್ದ 5 ಕೆ.ಜಿ. ಅಕ್ಕಿಯ ಬದಲು ತೊಗರಿಬೇಳೆ, ಎಣ್ಣೆ, ಸಕ್ಕರೆ, ಉಪ್ಪು ಇರುವ ಇಂದಿರಾ ಆಹಾರ ಕಿಟ್ ಕೊಡಲು 2025ರ ಅಕ್ಟೋಬರ್‌ನಲ್ಲಿ ರಾಜ್ಯ ಸಂಪುಟ ಒಪ್ಪಿತು. ಸಕ್ಕರೆ ಯಾಕೋ ಗೊತ್ತಿಲ್ಲ. ಆದರೆ ಅಕ್ಕಿ ಇಳಿಸಿ ಬೇಳೆ ಏರಿಸುವ ದಿಕ್ಕು ಸರಿಯಾಗಿದೆ. ಕಲಬುರಗಿ ತೊಗರಿಗೆ 2019ರಲ್ಲಿ ಭೌಗೋಳಿಕ ಗುರುತು ಸಿಕ್ಕಿತು. ತೊಗರಿ ಬೆಳೆಯುವ ನಾಡಿನ ಬಡವರ ತಟ್ಟೆಯಲ್ಲಿ ತೊಗರಿ ಇಲ್ಲದಿರುವುದು ಸಣ್ಣ ವಿಷಯವಲ್ಲ.

ಇನ್ನು ಕಬ್ಬಿಣ. ಇಲ್ಲಿ ಸಂಗತಿ ಸ್ವಲ್ಪ ಸಿಕ್ಕಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಪ್ರಕಾರ ಕರ್ನಾಟಕದ 15ರಿಂದ 49 ವರ್ಷದ ಹೆಂಗಸರಲ್ಲಿ 47.8 ಪರ್ಸೆಂಟ್ ಜನರಿಗೆ ರಕ್ತಹೀನತೆ ಇದೆ. ಐದು ವರ್ಷದೊಳಗಿನ ಮಕ್ಕಳಲ್ಲಿ ಇದು 65.5 ಪರ್ಸೆಂಟ್. ಎರಡೂ ಹಿಂದಿನ ಸಮೀಕ್ಷೆಗಿಂತ ಜಾಸ್ತಿ.

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಲೆಕ್ಕದಲ್ಲಿ ಹೆಂಗಸಿಗೆ ದಿನಕ್ಕೆ 29 ಮಿ.ಗ್ರಾಂ ಕಬ್ಬಿಣ ಬೇಕು, ಗಂಡಸಿಗೆ 19. ನಮ್ಮ ಊಟದಿಂದ ಇದನ್ನು ತುಂಬಲು ಹೊರಡಿ ನೋಡಿ. 100 ಗ್ರಾಂ ರಾಗಿ ಹಿಟ್ಟಿನ ಮುದ್ದೆಯಿಂದ ನಾಲ್ಕೂವರೆ. 50 ಗ್ರಾಂ ಹುರುಳಿಕಾಳಿನಿಂದ ನಾಲ್ಕೂವರೆಗೆ ಹತ್ತಿರ. ಒಂದು ಹಿಡಿ ದಂಟಿನ ಸೊಪ್ಪು ಅಥವಾ ನುಗ್ಗೆಸೊಪ್ಪು, ಅಂದರೆ 100 ಗ್ರಾಂ, ಮತ್ತೆ ನಾಲ್ಕೂವರೆ. ಪಾಲಿಶ್ ಮಾಡಿದ ಅಕ್ಕಿ ಅರ್ಧ ಕೆ.ಜಿ. ಬೇಯಿಸಿದರೂ ಸಿಗುವುದು ಮೂರರ ಆಸುಪಾಸು. ಎಲ್ಲ ಕೂಡಿಸಿದರೆ ಹದಿನೈದೋ ಹದಿನೇಳೋ ಆಗುತ್ತದೆ. ಇದು ಚೆನ್ನಾಗಿ ಊಟ ಮಾಡಿದ ದಿನದ ಲೆಕ್ಕ. ದಿನಾ ಹುರುಳಿ, ದಿನಾ ಸೊಪ್ಪು ಯಾರ ಮನೆಯಲ್ಲಿ ಮಾಡುತ್ತಾರೆ?

ಹಾಗಂತ ಕೈಚೆಲ್ಲಬೇಕಿಲ್ಲ. ಆ 29 ಎಂಬ ಸಂಖ್ಯೆಯ ಹಿಂದೆ ಒಂದು ಊಹೆ ಇದೆ. ತಿಂದ ಕಬ್ಬಿಣದಲ್ಲಿ ನೂರಕ್ಕೆ ಎಂಟು ಪಾಲು ಮಾತ್ರ ರಕ್ತ ಸೇರುತ್ತದೆ ಎಂಬ ಊಹೆ. ಗಿಡದಿಂದ ಬರುವ ಕಬ್ಬಿಣದ ಗುಣವೇ ಹಾಗೆ, ಜೊತೆಯಲ್ಲಿ ಏನಿದೆ ನೋಡಿಕೊಂಡು ಒಳಗೆ ಹೋಗುತ್ತದೆ. ವಿಟಮಿನ್ ಸಿ ಇದ್ದರೆ ಎರಡು ಮೂರು ಪಟ್ಟು ಹೆಚ್ಚು ಹೋಗುತ್ತದೆ. ಟೀ, ಕಾಫಿ ಇದ್ದರೆ ಅರ್ಧಕ್ಕರ್ಧ ಬಾಗಿಲಲ್ಲೇ ನಿಲ್ಲುತ್ತದೆ. ಕಾಳು, ಧಾನ್ಯದ ಸಿಪ್ಪೆಯಲ್ಲಿರುವ ಫೈಟೇಟ್ ಎಂಬ ವಸ್ತು ಕೂಡ ಅಡ್ಡ ಬರುತ್ತದೆ.

ಹೀಗಾಗಿ ಏನು ತಿಂದಿರಿ ಎಂಬುದರಷ್ಟೇ ಹೇಗೆ, ಯಾವಾಗ ಎಂಬುದೂ ಮುಖ್ಯ. ಕೋಸಂಬರಿಗೆ ನಿಂಬೆ ಹಿಂಡುವುದು ಬರೀ ರುಚಿಗಲ್ಲ. ಪಲ್ಯ, ಸಾರಿಗೆ ಹಿಂಡುವುದಾದರೆ ಒಲೆಯಿಂದ ಇಳಿಸಿದ ಮೇಲೆ ಹಿಂಡಿ, ಕುದಿಸಿದರೆ ವಿಟಮಿನ್ ಸಿ ಹೋಗುತ್ತದೆ. ಊಟದ ಜೊತೆ ಅರ್ಧ ಸೀಬೆಹಣ್ಣು ತಿಂದರೆ ಇನ್ನೂ ಒಳ್ಳೆಯದು. ಸೀಬೆಯಲ್ಲಿ ವಿಟಮಿನ್ ಸಿ 100 ಗ್ರಾಂಗೆ 200 ಮಿ.ಗ್ರಾಂ ದಾಟುತ್ತದೆ. ಕಿತ್ತಳೆಯಲ್ಲಿ ಅಷ್ಟಿಲ್ಲ. ಕಾಳು ನೆನೆಸಿ ಮೊಳಕೆ ಕಟ್ಟಿದರೆ, ಹಿಟ್ಟು ಹುದುಗು ಬಂದರೆ ಫೈಟೇಟ್ ಇಳಿಯುತ್ತದೆ. ಮಗುವಿಗೆ ರಾಗಿ ಮೊಳಕೆ ಕಟ್ಟಿ, ಒಣಗಿಸಿ, ಹುರಿದು ರಾಗಿಸರಿ ಮಾಡುತ್ತಿದ್ದ ಹೆಂಗಸರಿಗೆ ಫೈಟೇಟ್ ಎಂಬ ಹೆಸರು ಗೊತ್ತಿರಲಿಲ್ಲ, ಕೆಲಸ ಗೊತ್ತಿತ್ತು. ಮೈಸೂರಿನ ಕೇಂದ್ರ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯ (ಸಿಎಫ್‌ಟಿಆರ್‌ಐ) ಪ್ರಯೋಗಾಲಯದಲ್ಲಿ ನಡೆದ ಕೆಲಸವೂ ನೆನಪಿಡುವಂಥದ್ದು. ಅಕ್ಕಿ, ಜೋಳ, ಬೇಳೆಗಳ ಜೊತೆ ಈರುಳ್ಳಿ, ಬೆಳ್ಳುಳ್ಳಿ ಸೇರಿಸಿದಾಗ ದೇಹಕ್ಕೆ ದಕ್ಕುವ ಕಬ್ಬಿಣ ಮತ್ತು ಸತು ಹೆಚ್ಚಾಯಿತು. ಅದು ಗಾಜಿನ ಕೊಳವೆಯಲ್ಲಿ ಕಂಡದ್ದು, ಜನರ ಹೊಟ್ಟೆಯಲ್ಲಿ ಅಲ್ಲ, ನಿಜ. ಆದರೂ ರೊಟ್ಟಿ ಜೊತೆ ಹಸಿ ಈರುಳ್ಳಿ ಕಚ್ಚುವವರಿಗೆ ಖುಷಿಯ ಸುದ್ದಿಯೇ ಅಲ್ವಾ?

ಕಷ್ಟ ಬರುವುದು ಕಾಫಿ ವಿಷಯದಲ್ಲಿ. ಇಡ್ಲಿ ತಿಂದ ಕೂಡಲೇ ಫಿಲ್ಟರ್ ಕಾಫಿ, ಊಟ ಮುಗಿದ ಕೂಡಲೇ ಟೀ. ಊಟಕ್ಕೆ ಒಂದು ಗಂಟೆ ಮೊದಲು ಕುಡಿದ ಕಾಫಿ ತೊಂದರೆ ಕೊಡಲಿಲ್ಲ, ಊಟವಾಗಿ ಒಂದು ಗಂಟೆಗೆ ಕುಡಿದದ್ದು ಊಟದ ಜೊತೆ ಕುಡಿದಷ್ಟೇ ಅಡ್ಡಿ ಮಾಡಿತು ಎಂದು ಹಳೆಯ ಪ್ರಯೋಗವೊಂದು ಹೇಳುತ್ತದೆ. ಅಂದರೆ ಬೆಳಿಗ್ಗೆ ಎದ್ದ ಕೂಡಲೇ ಕುಡಿಯುವ ಕಾಫಿ ಪಾಪದ್ದು, ತಿಂಡಿ ಆದ ಮೇಲಿನದ್ದೇ ತಂಟೆ. ಗಂಡಸರಿಗೆ ಇದು ಅಷ್ಟು ದೊಡ್ಡ ವಿಷಯವಲ್ಲ. ರಕ್ತ ಕಡಿಮೆ ಇರುವ ಹೆಂಗಸರು, ಗರ್ಭಿಣಿಯರು ಮಾತ್ರ ಒಂದೂವರೆ ಎರಡು ಗಂಟೆ ಅಂತರ ಇಟ್ಟರೆ ವ್ಯತ್ಯಾಸ ಆಗುತ್ತದೆ. ಕಬ್ಬಿಣದ ಮಾತ್ರೆಯನ್ನು ಹಾಲಿನ ಜೊತೆ ನುಂಗುವವರೂ ಇದ್ದಾರೆ. ನೀರಿನ ಜೊತೆ, ಸಾಧ್ಯವಾದರೆ ನಿಂಬೆಶರಬತ್ತಿನ ಜೊತೆ ನುಂಗಬೇಕು.

ಕ್ಯಾಲ್ಸಿಯಂ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇದರಲ್ಲಿ ಕನ್ನಡದ ನೆಲ ಅದೃಷ್ಟದ್ದು. ದಿನಕ್ಕೆ ಬೇಕಾದ್ದು 1000 ಮಿ.ಗ್ರಾಂ. 100 ಗ್ರಾಂ ರಾಗಿಯಲ್ಲಿ 364, ಅಷ್ಟೇ ಅಕ್ಕಿಯಲ್ಲಿ ಹತ್ತೂ ಇಲ್ಲ. ಒಂದು ಮುದ್ದೆ, 300 ಮಿ.ಲೀ. ಹಾಲು-ಮೊಸರು, ಒಂದು ಹೊತ್ತು ದಂಟಿನ ಸೊಪ್ಪಿನ ಹುಳಿ ಸೇರಿದರೆ ಸಾವಿರ ಆಗಿಯೇಬಿಡುತ್ತದೆ. ದೇಶದಲ್ಲೇ ಹೆಚ್ಚು ರಾಗಿ ಬೆಳೆಯುವ ರಾಜ್ಯ ನಮ್ಮದು. 2024ರಿಂದ ಶಾಲೆಗಳಲ್ಲಿ ರಾಗಿ ಮಾಲ್ಟ್ ಕೂಡ ಕೊಡುತ್ತಿದ್ದಾರೆ. ಒಂದೇ ಎಚ್ಚರಿಕೆ ಪಾಲಕ್ ಬಗ್ಗೆ. ಅದರಲ್ಲಿ ಕ್ಯಾಲ್ಸಿಯಂ ಇದ್ದರೂ ಅದರಲ್ಲೇ ಇರುವ ಆಕ್ಸಲೇಟ್ ಎಂಬ ವಸ್ತು ಅದನ್ನು ಹಿಡಿದಿಟ್ಟುಕೊಳ್ಳುತ್ತದೆ, ಮೈಗೆ ಸಿಗುವುದು ನೂರಕ್ಕೆ ಐದು ಪಾಲಿನಷ್ಟು. ಹಾಲಿನದು ನೂರಕ್ಕೆ ಮೂವತ್ತು. ಹಾಲು ಬಿಟ್ಟವರು ಪಾಲಕ್ ನೆಚ್ಚಿಕೊಳ್ಳದೆ ನುಗ್ಗೆಸೊಪ್ಪು, ಎಳ್ಳು, ರಾಗಿ ಕಡೆ ನೋಡಬೇಕು.

ಈಗ ಬಿ12ಕ್ಕೆ ಬರೋಣ. ಇಲ್ಲಿವರೆಗೆ ಹೇಳಿದ್ದೆಲ್ಲ ಅಳತೆಯ ಮಾತು. ಇದು ಬೇರೆಯೇ.

ಬಿ12 ತಯಾರಿಸುವುದು ಗಿಡವೂ ಅಲ್ಲ, ಪ್ರಾಣಿಯೂ ಅಲ್ಲ, ಬ್ಯಾಕ್ಟೀರಿಯಾಗಳು. ಮೆಲುಕು ಹಾಕುವ ಹಸುವಿನ ಹೊಟ್ಟೆಯಲ್ಲಿ ಅವು ಲೆಕ್ಕವಿಲ್ಲದಷ್ಟಿವೆ, ಅವು ಮಾಡಿದ ಬಿ12 ಹಸುವಿನ ಮಾಂಸಕ್ಕೆ, ಹಾಲಿಗೆ ಬರುತ್ತದೆ. ನಮ್ಮ ದೊಡ್ಡ ಕರುಳಿನಲ್ಲೂ ಅಂಥ ಬ್ಯಾಕ್ಟೀರಿಯಾಗಳಿವೆ. ಆದರೆ ಬಿ12 ಹೀರಿಕೊಳ್ಳುವ ಜಾಗ ಇರುವುದು ಸಣ್ಣ ಕರುಳಿನ ಕೊನೆಯಲ್ಲಿ, ಅದಕ್ಕಿಂತ ಮೇಲೆ. ಕೆಳಗೆ ತಯಾರಾದದ್ದು ಹಾಗೆಯೇ ಹೊರಗೆ ಹೋಗುತ್ತದೆ. ಮನುಷ್ಯನ ದೇಹದ ವಿನ್ಯಾಸದಲ್ಲಿ ಇದೊಂದು ತಮಾಷೆ.

ಅಂಬಲಿಯಲ್ಲಿ ಇದೆ, ತಂಗಳನ್ನದಲ್ಲಿ ಇದೆ, ಇಡ್ಲಿ ಹಿಟ್ಟು ಹುಳಿ ಬಂದಾಗ ಹುಟ್ಟುತ್ತದೆ ಅಂತ ವಾಟ್ಸಾಪ್‌ನಲ್ಲಿ ಬರುತ್ತಲೇ ಇರುತ್ತದೆ. ಹುದುಗು ಬಂದ ಆಹಾರ ಬೇರೆ ಕಾರಣಗಳಿಗೆ ಒಳ್ಳೆಯದೇ. ಆದರೆ ನಂಬಿ ಕೂರುವಷ್ಟು ಬಿ12 ಅದರಿಂದ ಸಿಗುವುದಿಲ್ಲ. ಸ್ಪಿರುಲಿನಾ ಮಾತ್ರೆ ಮಾರುವವರು ಬಿ12 ಅಂತ ಡಬ್ಬಿ ಮೇಲೆ ಬರೆಯುತ್ತಾರೆ. ಅದರಲ್ಲಿರುವುದು ಹೆಚ್ಚಾಗಿ ಬಿ12ನ ಹೋಲಿಕೆಯ ಇನ್ನೊಂದು ವಸ್ತು, ನಮ್ಮ ದೇಹಕ್ಕೆ ಅದು ಉಪಯೋಗಕ್ಕೆ ಬರುವುದಿಲ್ಲ.

ಹಾಲು ಕುಡಿಯುವ ಸಸ್ಯಾಹಾರಿಗೆ ದಾರಿ ಇದೆ. ದಿನಕ್ಕೆ ಬೇಕಾದ್ದು ಸುಮಾರು 2 ಮೈಕ್ರೋಗ್ರಾಂ. 100 ಮಿ.ಲೀ. ಹಾಲಿನಲ್ಲಿ 0.4ರ ಆಸುಪಾಸು ಇದೆ, ಕುದಿಸಿದಾಗ ಸ್ವಲ್ಪ ಕಡಿಮೆಯಾಗುತ್ತದೆ. ಅರ್ಧ ಲೀಟರ್ ಹಾಲು-ಮೊಸರು ದಿನಾ ಹೊಟ್ಟೆಗೆ ಹೋದರೆ ಹೆಚ್ಚುಕಡಿಮೆ ಸರಿಹೋಗುತ್ತದೆ. ಆದರೆ ಅರ್ಧ ಲೀಟರ್ ನಂದಿನಿ ಪ್ಯಾಕೆಟ್ ನಾಲ್ಕು ಜನರ ಕಾಫಿಗೆ ಹಂಚಿಹೋಗುವ ಮನೆಯಲ್ಲಿ ತಲೆಗೆ ಎಷ್ಟು ಬಂತು? ಮಜ್ಜಿಗೆ ಹೆಸರಿನಲ್ಲಿ ನಾವು ಕುಡಿಯುವುದರಲ್ಲಿ ಮುಕ್ಕಾಲು ಪಾಲು ನೀರೇ. ಮನೆಯಲ್ಲಿ ಹಾಲು ಹೆಚ್ಚು ಬೇಕಾದವರಿಗೇ ಕೊನೆಗೆ ಉಳಿದದ್ದು ಸಿಗುತ್ತದೆ ಎಂಬುದೂ ಎಲ್ಲರಿಗೂ ಗೊತ್ತಿರುವ ವಿಷಯ. 2013ರಿಂದ ಶಾಲೆಗಳಲ್ಲಿ ಕೊಡುತ್ತಿರುವ ಕ್ಷೀರಭಾಗ್ಯದ ಲೋಟಕ್ಕೆ ಈ ದೃಷ್ಟಿಯಿಂದ ಬೆಲೆ ಇದೆ. ಮೊಟ್ಟೆ ತಿನ್ನದ ಮಗುವಿಗೆ ಬಾಳೆಹಣ್ಣಿನ ಬದಲು ಇನ್ನೊಂದು ಲೋಟ ಹಾಲು ಕೊಟ್ಟಿದ್ದರೆ ಮೊಟ್ಟೆಗೆ ಹತ್ತಿರದ ಬದಲಿ ಆಗುತ್ತಿತ್ತು.

ಹಾಲನ್ನೂ ಬಿಟ್ಟು ಪೂರ್ತಿ ವೀಗನ್ ಆದವರಿಗೆ ಮಾತ್ರೆ, ಇಲ್ಲವೇ ಬಿ12 ಸೇರಿಸಿದ ಆಹಾರ ಬಿಟ್ಟರೆ ಬೇರೆ ದಾರಿ ಇಲ್ಲ. ಬೆಂಗಳೂರಿನಲ್ಲಿ ಹಾಲು ಬಿಟ್ಟು ಬಾದಾಮಿ ಹಾಲು, ಓಟ್ಸ್ ಹಾಲಿಗೆ ಹೋಗುವ ಹುಡುಗ ಹುಡುಗಿಯರು ಹೆಚ್ಚುತ್ತಿದ್ದಾರೆ. ಪ್ರಾಣಿದಯೆಯ ಕಾರಣಕ್ಕೆ ಮಾಡುವವರ ಬಗ್ಗೆ ನನಗೆ ಗೌರವವಿದೆ. ಆದರೆ ಬಾದಾಮಿ ಹಾಲಿನಲ್ಲಿ ಬಾದಾಮಿಗಿಂತ ನೀರು ಜಾಸ್ತಿ. ಲೋಟಕ್ಕೆ ಒಂದೆರಡು ಗ್ರಾಂ ಪ್ರೋಟೀನ್ ಸಿಕ್ಕರೆ ಹೆಚ್ಚು, ಕ್ಯಾಲ್ಸಿಯಂ, ಬಿ12 ಬೇರೆಯಾಗಿ ಸೇರಿಸಿದ್ದರೆ ಉಂಟು, ಇಲ್ಲದಿದ್ದರೆ ಇಲ್ಲ. ಡಬ್ಬಿಯ ಹಿಂದೆ ಓದಲೇಬೇಕು. ಸೋಯಾ ಹಾಲು ಪ್ರೋಟೀನ್ ಮಟ್ಟಿಗೆ ಹಸುವಿನ ಹಾಲಿಗೆ ಹತ್ತಿರ ಬರುತ್ತದೆ.

ಬಿ12 ಕೊರತೆಯ ದೊಡ್ಡ ಮೋಸ ಅದರ ನಿಧಾನ. ಯಕೃತ್ತಿನಲ್ಲಿ ವರ್ಷಗಟ್ಟಲೆಗೆ ಸಾಕಾಗುವಷ್ಟು ದಾಸ್ತಾನು ಇರುತ್ತದೆ. ಹಾಲು ಬಿಟ್ಟು ಒಂದು ವರ್ಷವಾದರೂ ಏನೂ ಆಗದಿದ್ದಾಗ, ನನಗೇನೂ ಆಗಿಲ್ಲ ನೋಡಿ ಅಂತ ಹೇಳಿಕೊಳ್ಳುವುದು ಸುಲಭ. ಆಮೇಲೆ ಪಾದ ಜುಮುಜುಮು ಅನ್ನುತ್ತದೆ, ನಾಲಿಗೆ ಉರಿಯುತ್ತದೆ, ಸುಸ್ತು, ಮರೆವು, ನಡೆಯುವಾಗ ಹಿಡಿತ ತಪ್ಪುವುದು. ಇದನ್ನು ವಯಸ್ಸಾಯಿತು ಅಂತಲೋ, ಶುಗರ್ ಅಂತಲೋ ತಳ್ಳಿಹಾಕುವುದೇ ಜಾಸ್ತಿ. ಶುಗರ್‌ಗೂ ಇದಕ್ಕೂ ಇನ್ನೊಂದು ನಂಟಿದೆ. ಸಕ್ಕರೆ ಕಾಯಿಲೆಗೆ ಸಾಮಾನ್ಯವಾಗಿ ಕೊಡುವ ಮೆಟ್‌ಫಾರ್ಮಿನ್ ವರ್ಷಗಟ್ಟಲೆ ನುಂಗಿದರೆ ಬಿ12 ಹೀರಿಕೊಳ್ಳುವುದು ಕಡಿಮೆಯಾಗುತ್ತದೆ. ಗ್ಯಾಸ್ಟ್ರಿಕ್ ಅಂತ ದಿನಾ ಬೆಳಿಗ್ಗೆ ಖಾಲಿ ಹೊಟ್ಟೆಗೆ ನುಂಗುವ ಮಾತ್ರೆಗಳದ್ದೂ ಅದೇ ಕತೆ. ಸಸ್ಯಾಹಾರಿ, ಅರವತ್ತು ದಾಟಿದವರು, ಎರಡೂ ಮಾತ್ರೆ ನುಂಗುವವರು. ಇಂಥವರು ನಮ್ಮ ಬೀದಿಯಲ್ಲೇ ಎಷ್ಟು ಜನ ಸಿಗುತ್ತಾರೆ! ಅವರ ಮಾತ್ರೆ ಚೀಟಿ ನೋಡಿದ ಡಾಕ್ಟರ್ ಹತ್ತಿರ ಬಿ12 ಪರೀಕ್ಷೆ ಬೇಕಾ ಎಂದು ಒಂದು ಮಾತು ಕೇಳಿದರೆ ತಪ್ಪೇನಿಲ್ಲ. ಮಾತ್ರೆಯಂತೂ ಅಗ್ಗ, ರಕ್ತಪರೀಕ್ಷೆಯೇ ಅದಕ್ಕಿಂತ ದುಬಾರಿ.

ಎಲ್ಲಕ್ಕಿಂತ ಕಳವಳದ್ದು ಎಳೆ ಮಗುವಿನ ವಿಷಯ. ತಾಯಿಯಲ್ಲಿ ಬಿ12 ಇಲ್ಲದಿದ್ದರೆ ಎದೆಹಾಲಿನಲ್ಲೂ ಕಡಿಮೆ ಇರುತ್ತದೆ. ಅಂಥ ಮಗು ಮಂಕಾಗುತ್ತದೆ, ಕಲಿತದ್ದನ್ನು ಮರೆಯುತ್ತದೆ, ಕೈಕಾಲು ನಡುಗಲು ಶುರುವಾಗುತ್ತದೆ. ಭಾರತದ ಮಕ್ಕಳ ವೈದ್ಯರಿಗೆ ಇದು ದಶಕಗಳಿಂದ ಗೊತ್ತಿರುವ ಕಾಯಿಲೆ. ಮೊದಲೇ ಗುರುತಿಸಿದರೆ ವಾಸಿಯಾಗುತ್ತದೆ, ತಡವಾದರೆ ಮಿದುಳಿನ ಮೇಲೆ ಉಳಿಯಬಹುದು.

ಮಿಕ್ಕವನ್ನು ಬೇಗ ಮುಗಿಸುತ್ತೇನೆ. ವಿಟಮಿನ್ ಡಿ ಬಿಸಿಲಿನ ವಿಷಯ, ಮಾಂಸ ತಿನ್ನುವವರಿಗೂ ಅದೇ ಪಾಡು. ಅಯೋಡಿನ್ ಬೇಕಾದರೆ ಸಾಧಾರಣ ಅಯೋಡಿನ್ ಉಪ್ಪೇ ಸಾಕು. ಪಿಂಕ್ ಸಾಲ್ಟ್, ಸೈಂಧವ ಲವಣ ಎಂದು ದುಡ್ಡು ಜಾಸ್ತಿ ಕೊಟ್ಟು ಅಯೋಡಿನ್ ಕಳೆದುಕೊಳ್ಳುವುದು ಯಾವ ಜಾಣತನವೋ. ಒಮೆಗಾ-3ಗೆ ಅಗಸೆ ಇದೆ. ಇಡೀ ಕಾಳು ನುಂಗಿದರೆ ಹಾಗೆಯೇ ಹೊರಗೆ ಹೋಗುತ್ತದೆ, ಉತ್ತರ ಕರ್ನಾಟಕದವರಂತೆ ಹುರಿದು ಕುಟ್ಟಿ ಚಟ್ನಿಪುಡಿ ಮಾಡಬೇಕು. ಸತುವಿಗೆ ಕಾಳು, ಎಳ್ಳು, ಕುಂಬಳಬೀಜ, ಮೊಳಕೆ.

ರಕ್ತಹೀನತೆ ಅಂದರೆ ಕಬ್ಬಿಣದ ಕೊರತೆ ಅಂತಲೇ ನಾವೆಲ್ಲ ಕಲಿತಿದ್ದೇವೆ. ಅದು ಅರ್ಧ ಸತ್ಯ. 1930ರ ಆಸುಪಾಸಿನಲ್ಲಿ ಲೂಸಿ ವಿಲ್ಸ್ ಎಂಬ ಇಂಗ್ಲಿಷ್ ವೈದ್ಯೆ ಬೊಂಬಾಯಿಯ ಬಟ್ಟೆ ಗಿರಣಿಗಳಲ್ಲಿ ದುಡಿಯುವ ಗರ್ಭಿಣಿಯರ ರಕ್ತಹೀನತೆಯನ್ನು ಹುಡುಕಿಕೊಂಡು ಬಂದರು. ಯೀಸ್ಟ್‌ನಿಂದ ಮಾಡಿದ ಮಾರ್ಮೈಟ್ ಕೊಟ್ಟಾಗ ಅದು ವಾಸಿಯಾಯಿತು. ಅದರೊಳಗಿದ್ದ ವಿಟಮಿನ್ನೇ ಆಮೇಲೆ ಫೋಲೇಟ್ ಎಂದು ಹೆಸರಾಯಿತು. ಫೋಲೇಟ್ ಇಲ್ಲದಿದ್ದರೂ ರಕ್ತ ಇಳಿಯುತ್ತದೆ, ಬಿ12 ಇಲ್ಲದಿದ್ದರೂ ಇಳಿಯುತ್ತದೆ. ಇನ್ನೊಂದು ಅಪಾಯ ಇದೆ. ಬಿ12 ಇಲ್ಲದವರಿಗೆ ಬರೀ ಫೋಲಿಕ್ ಆಸಿಡ್, ಅಂದರೆ ಮಾತ್ರೆ ರೂಪದ ಫೋಲೇಟ್, ಕೊಟ್ಟರೆ ರಕ್ತದ ವರದಿ ಸುಧಾರಿಸಿದಂತೆ ಕಾಣಬಹುದು, ಒಳಗೆ ನರಗಳ ಹಾನಿ ಮುಂದುವರಿಯುತ್ತಲೇ ಇರುತ್ತದೆ.

2016-18ರಲ್ಲಿ ನಡೆದ ಸಮಗ್ರ ರಾಷ್ಟ್ರೀಯ ಪೋಷಣಾ ಸಮೀಕ್ಷೆ ಮಕ್ಕಳ ರಕ್ತ ತೆಗೆದು ಇದನ್ನೆಲ್ಲ ಬೇರೆ ಬೇರೆಯಾಗಿ ಅಳೆಯಿತು. ದೇಶದ ಹದಿಹರೆಯದ ಮಕ್ಕಳಲ್ಲಿ ಕಬ್ಬಿಣದ ಕೊರತೆ 22 ಪರ್ಸೆಂಟ್, ಬಿ12 ಕೊರತೆ 31 ಪರ್ಸೆಂಟ್, ಫೋಲೇಟ್ ಕೊರತೆ 37 ಪರ್ಸೆಂಟ್. ಆ ವಯಸ್ಸಿನಲ್ಲಿ ಬಿ12 ಇಲ್ಲದವರು ಕಬ್ಬಿಣ ಇಲ್ಲದವರಿಗಿಂತ ಹೆಚ್ಚು!

ಸರ್ಕಾರದ ಮದ್ದು ಇದನ್ನು ನೋಡಿ ತಯಾರಾದಂತೆ ಕಾಣುವುದಿಲ್ಲ. 2018ರ ಅನೀಮಿಯಾ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹದಿಹರೆಯದ ಮಕ್ಕಳಿಗೆ ವಾರಕ್ಕೊಂದು ನೀಲಿ ಮಾತ್ರೆ, ಗರ್ಭಿಣಿಯರಿಗೆ ದಿನಕ್ಕೊಂದು ಕೆಂಪು ಮಾತ್ರೆ. ಎರಡರಲ್ಲೂ 60 ಮಿ.ಗ್ರಾಂ ಕಬ್ಬಿಣ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇದೆ, ಬಿ12 ಇಲ್ಲ. ರೇಷನ್‌ನ ಸಾರವರ್ಧಿತ ಅಕ್ಕಿಯಲ್ಲಿ, ಅಂದರೆ ಪೋಷಕಾಂಶ ತುಂಬಿದ ಕಾಳು ಬೆರೆಸಿದ ಅಕ್ಕಿಯಲ್ಲಿ, ಬಿ12 ಸೇರಿಸುವ ನಿಯಮವಿದೆ, ಜನ ಪ್ಲಾಸ್ಟಿಕ್ ಅಕ್ಕಿ ಎಂದು ಹೆದರಿ ಆರಿಸಿ ಎಸೆದ ಕಾಳುಗಳು ಅವೇ. ಆದರೆ ಅಳತೆ ಕೆ.ಜಿ.ಗೆ ಸುಮಾರು ಒಂದು ಮೈಕ್ರೋಗ್ರಾಂ. ತಿಂಗಳಿಗೆ 5 ಕೆ.ಜಿ. ಅಕ್ಕಿ ಉಣ್ಣುವವರಿಗೆ ದಿನಕ್ಕೆ 0.17 ಮೈಕ್ರೋಗ್ರಾಂ ಸಿಗುತ್ತದೆ, ಬೇಕಾದ್ದರಲ್ಲಿ ಹತ್ತನೇ ಒಂದು ಪಾಲೂ ಅಲ್ಲ. ವಿಶ್ವಸಂಸ್ಥೆಯ ಸಂಸ್ಥೆಗಳು ಗರ್ಭಿಣಿಯರಿಗಾಗಿ ರೂಪಿಸಿದ ಹಲವು ಪೋಷಕಾಂಶಗಳ ಮಾತ್ರೆಯಲ್ಲಿ 2.6 ಮೈಕ್ರೋಗ್ರಾಂ ಬಿ12 ಇದೆ. ಹಾಲು, ಮೊಟ್ಟೆ, ಮಾಂಸ ಎಲ್ಲವೂ ಕಡಿಮೆ ತಿನ್ನುವ ದೇಶದ ಮಾತ್ರೆಯಲ್ಲಿ ಅದು ಯಾಕಿಲ್ಲ ಎಂದು ಆರೋಗ್ಯ ಇಲಾಖೆಯನ್ನು ಕೇಳಬೇಕು.

ಅದು ಬದಲಾಗುವವರೆಗೆ ಕೆಲಸ ಮನೆಯವರದ್ದೇ. ಸೊಸೆಯೋ ಮಗಳೋ ಬಸುರಿಯಾಗಿದ್ದು, ಮನೆ ಸಸ್ಯಾಹಾರದ್ದಾಗಿದ್ದರೆ ಆಸ್ಪತ್ರೆಯಿಂದ ತಂದ ಮಾತ್ರೆ ಪಟ್ಟಿಯ ಹಿಂಬದಿ ಓದಿ. ಅಲ್ಲಿ ಸಯನೋಕೋಬಾಲಮಿನ್ ಅಥವಾ ಮೀಥೈಲ್‌ಕೋಬಾಲಮಿನ್ ಎಂಬ ಹೆಸರು (ಎರಡೂ ಬಿ12ನ ಹೆಸರುಗಳೇ) ಕಾಣದಿದ್ದರೆ ಮುಂದಿನ ತಪಾಸಣೆಯಲ್ಲಿ ಡಾಕ್ಟರನ್ನು ಕೇಳಿ. ಹೆರಿಗೆಯಾದ ಮೇಲೂ, ಮಗು ಎದೆಹಾಲು ಕುಡಿಯುವಷ್ಟು ಕಾಲ, ಆ ಮಾತ್ರೆ ಮುಂದುವರಿಸಬೇಕಾ ಎಂಬುದನ್ನೂ ಅದೇ ಹೊತ್ತಿಗೆ ಕೇಳಿಕೊಳ್ಳಿ.